ಎತ್ತಬಾರದ ಫೋನು

ನನ್ನ ಮೊದಲ ಸಿಟ್ಟು ಪೇಜರಿನ ಮೇಲೆ. ಅದಕ್ಕಿಂತ ಮುಂಚೆ ನಾನು ಶಾಂತ ಸ್ವಭಾವದವನಾಗಿದ್ದೆ ಎಂದಲ್ಲ. ಹಾಗೆ ಬರೆದರೆ ನನ್ನ ಹೆಂಡತಿ ಓದಿ ಬಿದ್ದು ಬಿದ್ದು ನಗುತ್ತಾಳೆ. ಆದರೆ ಮನುಷ್ಯರ ಮೇಲೆ ಬರುವಷ್ಟೇ ಸಿಟ್ಟು ಒಂದು ಯಂತ್ರದ ಮೇಲೂ ಬರಬಹುದು ಎಂದು ನನಗೆ ಗೊತ್ತಾಗಿದ್ದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಕರಿ ಡಬ್ಬಿಯಿಂದ.

ಆಗಷ್ಟೇ ಕೊಪ್ಪಳ ಜಿಲ್ಲೆಯಾಗಿತ್ತು. ಯಾವ ಕಚೇರಿಗೆ ಹೋದರೂ ಹೊಸ ಬೋರ್ಡು, ಹೊಸ ಕುರ್ಚಿ, ಹೊಸ ಸಾಹೇಬರು. ನಾನು ಗಂಗಾವತಿಯಿಂದ ವರ್ಗವಾಗಿ ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಒಂದು ಹಳ್ಳಿಯ ಹೊರಗಿದ್ದ ವಿದ್ಯುತ್ ಉಪಕೇಂದ್ರಕ್ಕೆ ಆಪರೇಟರ್ ಆಗಿ ಬಂದಿದ್ದೆ. ಗಂಗಾವತಿಯಲ್ಲಿ ಕಾಲುವೆ, ಭತ್ತದ ಗದ್ದೆ, ಸಂಜೆಗೆ ಮಿರ್ಚಿ ತಿನ್ನಲು ನಾಲ್ಕು ಅಂಗಡಿ. ಇಲ್ಲಿ ಸುತ್ತಲೂ ಎರೆಹೊಲ, ನಡುವೆ ತಂತಿಬೇಲಿ, ಬೇಲಿಯೊಳಗೆ ದಿನವಿಡೀ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರ್, ಒಂದು ಕೋಣೆ, ಕೋಣೆಯಲ್ಲಿ ನಾನು. ಅಲ್ಲಿಂದ ನಾಲ್ಕು ದಿಕ್ಕಿನ ಹಳ್ಳಿಗಳಿಗೆ ನಾಲ್ಕು ದೊಡ್ಡ ಲೈನುಗಳು ಹೊರಡುತ್ತಿದ್ದವು. ನಾಲ್ಕರ ಸ್ವಿಚ್ಚೂ ನನ್ನ ಕೈಯಲ್ಲಿ.

ಈ ಕೆಲಸದಲ್ಲಿ ತಿಳಿದುಕೊಳ್ಳಬೇಕಾದ್ದು ಒಂದೇ. ಕಂಬ ಹತ್ತಿದವನ ಜೀವ ಸ್ವಿಚ್ಚಿನ ಮುಂದೆ ಕೂತವನ ಕೈಯಲ್ಲಿರುತ್ತದೆ, ಮತ್ತು ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅದಕ್ಕೆಂದೇ ಒಂದು ನಿಯಮ. ಲೈನ್‌ಮನ್ ತಾನೇ ಉಪಕೇಂದ್ರಕ್ಕೆ ಬಂದು ಪುಸ್ತಕದಲ್ಲಿ ಸಹಿ ಮಾಡಬೇಕು. ನಾನು ಲೈನು ಬಂದ್ ಮಾಡಿ, ಹಿಡಿಕೆಗೆ ಬೀಗ ಜಡಿದು, ಕೆಂಪು ಹಲಗೆ ತೂಗುಹಾಕಿ, ನಂಬರು ಬರೆದ ಚೀಟಿ ಕೊಡಬೇಕು. ಅವನು ಹೋಗಿ ಕೆಲಸ ಮುಗಿಸಿ, ಅದೇ ಚೀಟಿ ಹಿಡಿದು ತಾನೇ ಮರಳಿ ಬರಬೇಕು. ಆಮೇಲೆ ಬೀಗ ತೆಗೆಯುವುದು. ಚೀಟಿ ಇಲ್ಲದೆ ಅವನ ಅಪ್ಪ ಬಂದರೂ ಇಲ್ಲ.

ನಮ್ಮ ಲೈನ್‌ಮನ್ನಿಗೆ ಈ ನಿಯಮ ಕಂಡರೆ ಆಗುತ್ತಿರಲಿಲ್ಲ. ಅವನು ಕುಷ್ಟಗಿಯವ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವ. ತಂದೆ ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. ಮನೆಯಲ್ಲಿ ದಖನಿ ಮಾತು, ಹೊರಗೆ ನಮ್ಮೆಲ್ಲರಿಗಿಂತ ಛಂದ ಕನ್ನಡ. ಕಂಬ ಹತ್ತುವುದರಲ್ಲಿ ಅವನನ್ನು ಮೀರಿಸುವವರು ನಾಲ್ಕೂ ತಾಲೂಕಿನಲ್ಲಿ ಇರಲಿಲ್ಲ. ಆ ಜಂಬವೂ ಅವನಿಗಿತ್ತು.

"ಏನ್ರಿ ಸರ," ಎಂದು ಬೆವರು ಒರೆಸಿಕೊಳ್ಳುತ್ತ ಶುರುಮಾಡುತ್ತಿದ್ದ. "ಬಿಸಲಾಗ ಹನ್ನೆರಡು ಮೈಲಿ ಸೈಕಲ್ ತುಳದು ಬಂದು ಒಂದು ಸಹಿ. ಮತ್ತ ಹನ್ನೆರಡು ಮೈಲಿ ಹೋಗಿ ಒಂದು ಫ್ಯೂಸು. ಮತ್ತ ಬಂದು ಒಂದು ಸಹಿ. ಇದಕ್ಕಿಂತ ಆ ಕಂಬಾನ ಕಿತ್ತು ತಂದು ನಿಮ್ಮ ಕ್ವಾಣ್ಯಾಗ ನಿಲ್ಲಸ್ರಿ, ಇಬ್ರಿಗೂ ಛಲೋ ಆಕ್ಕೈತಿ."

"ಸಹಿ ಮಾಡು, ಬಾಯಿ ಮುಚ್ಚು," ಎನ್ನುತ್ತಿದ್ದೆ ನಾನು. ಅದಕ್ಕಿಂತ ಮೃದುವಾದ ಮಾತು ನನಗೆ ಆ ಕಾಲದಲ್ಲಿ ಬರುತ್ತಿರಲಿಲ್ಲ.

ಇಂಥದರಲ್ಲಿ ಹುಬ್ಬಳ್ಳಿ ಕಡೆಯಿಂದ ಒಬ್ಬ ಹೊಸ ಸಾಹೇಬರು ಬಂದರು. ಬರುವಾಗ ಎರಡು ಪೇಜರ್ ತಂದರು. ಇನ್ನು ಮುಂದೆ ಎಲ್ಲಿ ತಂತಿ ಬಿದ್ದರೂ, ಯಾರಿಗೆ ಶಾಕ್ ಹೊಡೆದರೂ, ಲೈನ್‌ಮನ್ನಿಗೆ ಒಂದು ನಿಮಿಷದಲ್ಲಿ ಸುದ್ದಿ ಮುಟ್ಟುತ್ತದೆ ಎಂದು ನಮ್ಮನ್ನೆಲ್ಲ ಕೂಡಿಸಿ ಭಾಷಣ ಮಾಡಿದರು. ಒಂದನ್ನು ತಮ್ಮ ಬೆಲ್ಟಿಗೆ ಸಿಕ್ಕಿಸಿಕೊಂಡರು, ಇನ್ನೊಂದನ್ನು ನಮ್ಮ ಲೈನ್‌ಮನ್ನಿನ ಬೆಲ್ಟಿಗೆ ತಾವೇ ಸಿಕ್ಕಿಸಿದರು. ಅವನು ಆ ವಾರ ಎದೆ ಉಬ್ಬಿಸಿಕೊಂಡೇ ನಡೆದ. ಹಳ್ಳಿಯವರು ಅದನ್ನು ಬಿ.ಪಿ. ನೋಡುವ ಮಷೀನು ಎಂದುಕೊಂಡು, "ನಮ್ದೂ ಒಂದೀಟು ನೋಡ್ರಿ" ಎಂದು ಕೈ ಚಾಚುತ್ತಿದ್ದರು.

ಅದರ ವೈಖರಿ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಸುದ್ದಿ ಕಳಿಸಬೇಕಾದರೆ ನಾನು ಮೊದಲು ಎಸ್‌ಟಿಡಿ ಹಚ್ಚಿ ದೂರದ ಒಂದು ಕೇಂದ್ರಕ್ಕೆ ಫೋನ್ ಮಾಡಬೇಕು. ಅಲ್ಲಿ ಒಬ್ಬ ಹುಡುಗಿ ಎತ್ತುತ್ತಾಳೆ. ಅವಳಿಗೆ ನಂಬರು ಹೇಳಿ, ಸುದ್ದಿ ಹೇಳಿ, ನಮ್ಮ ಹಳ್ಳಿಗಳ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋದ ಊರಿನವರು ನಡೆದುಕೊಂಡೇ ಬಂದು ನನ್ನ ಬಾಗಿಲು ಬಡಿಯುತ್ತಿದ್ದರು. ಇಷ್ಟಾಗಿ ಅವಳು ಕಳಿಸಿದ್ದು ಇವನಿಗೆ ಮುಟ್ಟಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಪೇಜರಿಗೆ ಕಿವಿ ಇತ್ತು, ಬಾಯಿ ಇರಲಿಲ್ಲ.

ನಮ್ಮ ಕಡೆಗೆ ಬಂದರೆ ಕಿವಿಯೂ ಇರಲಿಲ್ಲ. ಗದಗಿನ ಆಚೆ ಬಡಬಡನೆ ಕೂಗುತ್ತಿದ್ದ ಡಬ್ಬಿ ನಮ್ಮ ಎರೆಹೊಲಕ್ಕೆ ಕಾಲಿಟ್ಟ ಕೂಡಲೇ ಮೌನವ್ರತ ಹಿಡಿಯುತ್ತಿತ್ತು. ಎತ್ತರದಲ್ಲಿ ಸಿಗ್ನಲ್ ಸಿಗುತ್ತದೆ ಎಂದರು ಸಾಹೇಬರು. ಇವನು ಕಂಬದ ತುದಿಗೆ ಹತ್ತಿ ನೋಡಿದ, ನೀರಿನ ಟಾಕಿಯ ಮೇಲೆ ಹತ್ತಿ ನೋಡಿದ. ಒಮ್ಮೆ ನಾವೆಲ್ಲ ಹೇಮಗುಡ್ಡಕ್ಕೆ ಹೋದಾಗ ಅವನೂ ಜೊತೆಗೆ ಬಂದಿದ್ದ. ದುರ್ಗಮ್ಮನ ಗುಡಿಯ ಹತ್ತಿರ ಬಂಡೆಯ ಮೇಲೆ ನಿಂತು ಡಬ್ಬಿಯನ್ನು ಆಕಾಶಕ್ಕೆ ಹಿಡಿದ. ಮಂಗಗಳು ಬಂದವು, ಸಿಗ್ನಲ್ ಬರಲಿಲ್ಲ.

ಆ ಪೇಜರ್ ಜನ್ಮದಲ್ಲಿ ಒಂದೇ ಒಂದು ಸಲ ಕೆಲಸ ಮಾಡಿತು. ಇವನು ರಜೆ ಹಾಕಿ ಹುಬ್ಬಳ್ಳಿಗೆ ನಾದಿನಿಯ ನಿಶ್ಚಯಕ್ಕೆ ಹೋಗಿದ್ದ. ಇತ್ತ ಗಾಳಿಗೆ ತಂತಿ ಬಿತ್ತು. ಸಾಹೇಬರು, "ಪೇಜ್ ಮಾಡ್ರಿ, ಪೇಜ್ ಮಾಡ್ರಿ" ಎಂದು ನನ್ನ ತಲೆ ಮೇಲೆ ಕೂತರು. "ಅಂವ ರಜಾದಾಗ ಅದಾನ್ರಿ" ಎಂದರೆ, ನಿಯಮ ಎಂದರೆ ನಿಯಮ ಎಂದರು. ಮಾಡಿದೆ. ಇನ್ನೊಬ್ಬ ಲೈನ್‌ಮನ್ ಬಂದು ಒಂದು ತಾಸಿನಲ್ಲಿ ತಂತಿ ಎಳೆದು ಹೋದ. ಸಂಜೆಗೆ ನೋಡಿದರೆ ನಮ್ಮವನು ನಿಶ್ಚಯದ ಹೊಸ ಅಂಗಿಯಲ್ಲಿ, ಮೂರು ಬಸ್ಸು ಬದಲಿಸಿ, ಬೆವರಿನಲ್ಲಿ ತೊಯ್ದು ಬಂದು ನಿಂತಿದ್ದಾನೆ.

"ನಿನಗ ಬುದ್ಧಿ ಐತೇನು?" ಎಂದು ಕೂಗಾಡಿದೆ. "ರಜಾದಾಗ ಇದ್ದಾಂವ ಯಾಕ ಬಂದಿ?"

"ಸೊಂಟಕ್ಕ ಕಟಗೊಂಡಿದ್ದು ಗುರುಗುಟ್ಟಿದ ಮ್ಯಾಲ ಬರದ ಹ್ಯಾಂಗ ಇರೋದ್ರಿ ಸರ? ಯಾರರ ಸತ್ತಗಿತ್ತಾರಂತ ಓಡಿ ಬಂದೆ."

ಅವನು ಅಂಥವನು. ಕರೆ ಬಂದರೆ ಬರುವವನು. ಇದು ನೆನಪಿದ್ದೂ ಮುಂದೆ ನಾನು ಹಾಗೆ ಮಾಡಿದೆನಲ್ಲ, ಅದಕ್ಕೇ ನನಗೆ ನನ್ನ ಮೇಲೆ ಇಷ್ಟು ಸಿಟ್ಟು.

ಸಾಹೇಬರು ವರ್ಗವಾದರು, ಪೇಜರುಗಳು ಕಪಾಟು ಸೇರಿದವು. ನಾಲ್ಕೈದು ವರ್ಷ ಮತ್ತೆ ಸೈಕಲ್ಲು, ಆಮೇಲೆ ಅವನ ಹಳೆಯ ಮೋಟರ್‌ಸೈಕಲ್ಲು, ಅದೇ ಸಹಿ, ಅದೇ ಗೊಣಗಾಟ. ನಂತರ ಮೊಬೈಲು ಬಂತು.

ಮೊಬೈಲು ಬಂದಾಗ ನಾನು ಖುಷಿಪಟ್ಟೆ ಎಂಬುದನ್ನು ಒಪ್ಪಿಕೊಳ್ಳಬೇಕು. ಇದಕ್ಕೆ ಕಿವಿಯೂ ಇತ್ತು, ಬಾಯಿಯೂ ಇತ್ತು. ಕಂಬದ ಬುಡದಿಂದ ಅವನು ಕೇಳುತ್ತಾನೆ, ನಾನು ಬಂದ್ ಮಾಡಿ ನಂಬರು ಹೇಳುತ್ತೇನೆ, ಅವನು ನಂಬರು ತಿರುಗಿ ಹೇಳುತ್ತಾನೆ. ಚೀಟಿಯನ್ನು ಸಂಜೆ ಬಂದು ತುಂಬಿಸುವುದು. ಪುಸ್ತಕದ ನಿಯಮ ಅಲ್ಲದಿದ್ದರೂ ದನಿ ದನಿಯೇ, ಗುರುತು ಸಿಗುತ್ತದೆ. ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆದರೆ ನಮ್ಮ ಜನ ಮೊಬೈಲು ಕೈಗೆ ಬಂದ ಮೂರನೇ ದಿನಕ್ಕೆ ಅದರಲ್ಲಿ ಮಾತಾಡುವುದನ್ನೇ ಬಿಟ್ಟರು. ಮಾತಾಡಿದರೆ ದುಡ್ಡು, ಮಿಸ್ ಕಾಲ್ ಪುಕ್ಕಟೆ. ಕೊಪ್ಪಳದಿಂದ ಗಂಗಾವತಿಯ ತನಕ, ಕುಷ್ಟಗಿಯಿಂದ ಯಲಬುರ್ಗಾದ ತನಕ ಇಡೀ ಜಿಲ್ಲೆ ಒಬ್ಬರಿಗೊಬ್ಬರು ಮಿಸ್ ಕಾಲ್ ಕೊಟ್ಟುಕೊಂಡು ಸಂಸಾರ ನಡೆಸಿತು. ಒಂದು ಮಿಸ್ ಕಾಲ್ ಬಂದರೆ ಬಸ್ಸು ಕುಷ್ಟಗಿ ಬಿಟ್ಟಿತು ಎಂದರ್ಥ. ಎರಡು ಬಂದರೆ ಸೀಟು ಸಿಕ್ಕಿಲ್ಲ. ನಮ್ಮ ಹಾಲಿನವಳು ಒಂದು ಕೊಟ್ಟರೆ ಎಮ್ಮೆ ಒದ್ದಿದೆ, ಇವತ್ತು ಹಾಲಿಲ್ಲ. ಲೈನ್‌ಮನ್ನಿನ ಹೆಂಡತಿ ಒಂದು ಕೊಟ್ಟರೆ ಊಟಕ್ಕೆ ಬಾ, ಎರಡು ಕೊಟ್ಟರೆ ಬೀಗರು ಬಂದಿದ್ದಾರೆ, ಬರುವಾಗ ಮಾಂಸ ತಾ. ಫೋನು ಕಂಡುಹಿಡಿದವನು ಮನುಷ್ಯರು ಮಾತಾಡಲಿ ಎಂದು ಕಂಡುಹಿಡಿದ. ಅವನು ಪಟ್ಟ ಕಷ್ಟವನ್ನೆಲ್ಲ ನಾವು ನೀರಿನಲ್ಲಿ ಹೋಮ ಮಾಡಿದೆವು.

ಒಂದು ದಿನ ಇವನು ಬಂದು ನನ್ನ ಮುಂದೆ ಕೂತು, "ಸರ, ನಾವೂ ಒಂದು ಪದ್ಧತಿ ಮಾಡ್ಕೊಳ್ಳೋಣ್ರಿ" ಎಂದ. ಅವನು ಕಂಬದ ಬುಡದಿಂದ ಒಂದು ಮಿಸ್ ಕಾಲ್ ಕೊಟ್ಟರೆ ನಾನು ಆ ಲೈನು ಬಂದ್ ಮಾಡಬೇಕು. ಮಾಡಿ ನಾನೊಂದು ಕೊಡಬೇಕು, ಆಗ ಅವನು ಹತ್ತುತ್ತಾನೆ. ಇಳಿದು ಬಂದ ಮೇಲೆ ಎರಡು ಕೊಡುತ್ತಾನೆ, ನಾನು ಚಾಲೂ ಮಾಡಬೇಕು. ಯಾವ ಲೈನು ಎಂಬುದನ್ನು ಬೆಳಿಗ್ಗೆಯೇ ಹೇಳಿಟ್ಟಿರುತ್ತಾನೆ.

"ಹುಚ್ಚು ಹಿಡದೈತಿ ನಿನಗ," ಎಂದು ಎದ್ದು ನಿಂತೆ. "ರಿಂಗಿಗೆ ದನಿ ಐತೇನು? ಯಾರು ಕೊಟ್ರೂ ಅದು ಹಂಗ ಬಡಕೊಂತೈತಿ."

"ನನ್ನ ನಂಬರದಿಂದ ನಾನಲ್ಲದ ಮತ್ಯಾರು ಕೊಡ್ತಾರ್ರಿ?"

ಒಂದು ತಿಂಗಳು ಹಟ ಹಿಡಿದೆ. ಆಮೇಲೆ ಒಂದು ಮಧ್ಯಾಹ್ನ ಮಳೆಗಾಳಿ ಎದ್ದು ನಾಲ್ಕೂ ಲೈನು ಒಟ್ಟಿಗೆ ಕೈಕೊಟ್ಟವು. ಅವನ ಫೋನಿನಲ್ಲಿ ಒಂದೋ ಎರಡೋ ರೂಪಾಯಿ ಉಳಿದಿತ್ತು. ಇವತ್ತೊಂದು ದಿನ ಇರಲಿ ಎಂದೆ. ಇವತ್ತೊಂದು ದಿನ ಎಂದವರ ಕಥೆ ಎಲ್ಲ ಕಡೆಯೂ ಒಂದೇ. ಮೂರು ವರ್ಷ ನಡೆಯಿತು. ಒಂದು ತಪ್ಪೂ ಆಗಲಿಲ್ಲ. ಮೊದಲು ಅರ್ಧ ದಿನ ಹೋಗುತ್ತಿದ್ದ ಕರೆಂಟು ಈಗ ಅರ್ಧ ತಾಸಿಗೆ ಬರುತ್ತಿತ್ತು. ಇಟಗಿ ಕಡೆಯ ಊರಿನ ಹಿರಿಯರು ನನಗೆ ಶಾಲು ಹೊದಿಸಿ ಹಾರ ಹಾಕಿದರು. ನಾನೂ ಹಾಕಿಸಿಕೊಂಡೆ. ಸಹಿಯ ಪುಸ್ತಕವನ್ನು ವಾರಕ್ಕೊಮ್ಮೆ ಇಬ್ಬರೂ ಕೂತು ತುಂಬಿಸುತ್ತಿದ್ದೆವು. ಯಾವ ತಪಾಸಣೆಯವರು ಬಂದರೂ, ಇಷ್ಟು ಛಂದದ ಪುಸ್ತಕ ನಾವು ನೋಡಿಲ್ಲ ಎನ್ನುತ್ತಿದ್ದರು.

ಪದ್ಧತಿಯಲ್ಲಿ ಒಂದು ಕಟ್ಟಪ್ಪಣೆ ಇತ್ತು. ಅವನ ಫೋನು ಬಂದರೆ ನಾನು ಎತ್ತಬಾರದು. ಎತ್ತಿದರೆ ಅವನ ದುಡ್ಡು ಹೋಗುತ್ತದೆ. ಮೊದಮೊದಲು ರೂಢಿ ತಪ್ಪಿ ಎರಡು ಮೂರು ಸಲ ಎತ್ತಿದ್ದೆ. "ಯಾಕ ಎತ್ತಿದ್ರಿ ಸರಾ!" ಎಂದು ಕಿಸೆ ಕತ್ತರಿಸಿಕೊಂಡವನ ಹಾಗೆ ಗೋಳಾಡಿದ್ದ. ಆಮೇಲೆ ನನಗೂ ರೂಢಿಯಾಯಿತು. ಅವನ ನಂಬರು ಬಂದರೆ ಕೈ ಹಿಂದೆ ಕಟ್ಟಿಕೊಂಡು ಎಣಿಸುತ್ತಿದ್ದೆ.

ನನಗೆ ಗೊತ್ತಿಲ್ಲದ್ದು ಒಂದಿತ್ತು. ನಮ್ಮ ಗುಟ್ಟಿನ ಪದ್ಧತಿ ಆಗಲೇ ಊರಿಗೆಲ್ಲ ಬಾಯಿಪಾಠವಾಗಿತ್ತು. ಕಂಬದಿಂದ ಇಳಿದಾಗ ಇವನ ಕೈ ಗ್ರೀಸಿನಲ್ಲಿ ಮುಳುಗಿರುತ್ತಿತ್ತು. ಹೊಸ ಫೋನಿಗೆ ಮೆತ್ತಿಕೊಳ್ಳಬಾರದು ಎಂದು, ಹತ್ತಿರ ಇದ್ದವರಿಗೆ, "ಏ ಯಪ್ಪಾ, ನನ್ನ ಅಂಗಿ ಕಿಸೇದಾಗ ಫೋನ್ ಐತಿ, ಸರಗ ಎರಡು ಮಿಸ್ ಕಾಲ್ ಕೊಡು" ಎನ್ನುತ್ತಿದ್ದನಂತೆ. ಇದರಲ್ಲಿ ಎಲ್ಲರಿಗಿಂತ ಪಳಗಿದವನು ಒಂದು ಲೈನಿನ ಕೊನೆಯ ಹಳ್ಳಿಯ ಗಿರಣಿಯವ. ಅವನ ಹಿಟ್ಟಿನ ಗಿರಣಿಯ ಹಿಂದೆಯೇ ಕಂಬ, ಗಿರಣಿಯ ಬಾಗಿಲ ಗೂಟಕ್ಕೇ ಇವನು ಅಂಗಿ ತೂಗುಹಾಕುತ್ತಿದ್ದದ್ದು. ಆ ಗಿರಣಿಯವ ನೂರು ಸಲವಾದರೂ ಆ ಫೋನಿನಿಂದ ನನಗೆ ಎರಡು ಮಿಸ್ ಕಾಲ್ ಕೊಟ್ಟಿರಬೇಕು. ನನ್ನ ನಂಬರದಿಂದ ನಾನಲ್ಲದೆ ಮತ್ಯಾರು ಕೊಡುತ್ತಾರೆ ಎಂದು ನನ್ನ ಮುಂದೆ ಕೂತು ವಾದ ಮಾಡಿದ್ದವನೂ ಇವನೇ.

ಅದು ಖಾರ ಕುಟ್ಟಿಸುವ ಕಾಲ. ಗಿರಣಿಯ ಮುಂದೆ ಮೆಣಸಿನಕಾಯಿ ಚೀಲ, ಡಬ್ಬಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತ ಹೆಂಗಸರು. ಕಂಬದ ತುದಿಯಲ್ಲಿ ತಂತಿ ಹೊತ್ತ ಪಿಂಗಾಣಿ ಬಟ್ಟಲು ಸೀಳಿತ್ತು. ಮಧ್ಯಾಹ್ನಕ್ಕೆ ಮುಂಚೆ ನನಗೆ ಒಂದು ಮಿಸ್ ಕಾಲ್ ಬಂತು. ಬಂದ್ ಮಾಡಿದೆ, ಬೀಗ ಹಾಕಿದೆ, ತಿರುಗಿ ಒಂದು ಕೊಟ್ಟೆ. ಅವನು ಅಂಗಿ ಗೂಟಕ್ಕೆ ಹಾಕಿ ಹತ್ತಿದ.

ಮುಂದಿನದು ನಾನು ಕಂಡದ್ದಲ್ಲ, ಗಿರಣಿಯವ ಎಷ್ಟೋ ದಿನಗಳ ಮೇಲೆ ನನ್ನ ಮುಂದೆ ಅಳುತ್ತ ಹೇಳಿದ್ದು. ಮೇಲೆ ಹೋದ ಲೈನ್‌ಮನ್ನಿಗೆ ತಂದ ಬೋಲ್ಟು ಸಣ್ಣದಾಯಿತು. ಇಳಿದು, ಗಿರಣಿಯ ಮುಂದೆ ನಿಲ್ಲಿಸಿದ್ದ ಮೋಟರ್‌ಸೈಕಲ್ಲಿನ ಚೀಲದಿಂದ ಬೇರೆ ಬೋಲ್ಟು ತೆಗೆದುಕೊಂಡ. ಯಾರೋ ಕೊಟ್ಟ ನೀರು ಕುಡಿದ. ಹಿಂದಕ್ಕೆ ಹೋಗಿ ಮತ್ತೆ ಹತ್ತಿದ. ಗಿರಣಿಯವ ಬಾಗಿಲಲ್ಲಿ ನಿಂತು ಅವನು ನೀರು ಕುಡಿಯುವುದನ್ನು ನೋಡಿದ, ಮತ್ತೆ ಹತ್ತಿದ್ದನ್ನು ನೋಡಲಿಲ್ಲ. "ಇಳದಾನವಾ, ಇಳದಾನ, ಈಗ ಬರತೈತಿ ಕರೆಂಟು" ಎಂದು ಹೆಂಗಸರಿಗೆ ಹೇಳಿ, ಯಾವತ್ತಿನಂತೆ ಕಿಸೆಯಿಂದ ಫೋನು ತೆಗೆದು ನನಗೆ ಎರಡು ಮಿಸ್ ಕಾಲ್ ಕೊಟ್ಟ. ಪಾಪ, ಉಪಕಾರವೆಂದೇ ಕೊಟ್ಟದ್ದು.

ಎರಡು ಎಣಿಸಿದೆ. ಬೀಗ ತೆಗೆದೆ. ಹಲಗೆ ಇಳಿಸಿದೆ. ಹಿಡಿಕೆ ತಿರುಗಿಸಿದೆ.

ಕೆಲಸಕ್ಕೆ ಮುಂಚೆ ತಂತಿಗೆ ಸರಪಳಿ ಹಾಕಿ ನೆಲಕ್ಕೆ ಜೋಡಿಸಬೇಕೆಂದು ಇನ್ನೊಂದು ನಿಯಮವಿದೆ. ಅದನ್ನು ಹಾಕಿದ್ದರೆ ನಾನು ಚಾಲೂ ಮಾಡಿದ ಕ್ಷಣವೇ ಲೈನು ತಾನಾಗಿ ಬಂದ್ ಆಗುತ್ತಿತ್ತು, ಅವನಿಗೆ ಏನೂ ಆಗುತ್ತಿರಲಿಲ್ಲ. ಸರಪಳಿ ಮೋಟರ್‌ಸೈಕಲ್ಲಿನ ಚೀಲದಲ್ಲೇ ಇತ್ತು. ಹತ್ತು ನಿಮಿಷದ ಕೆಲಸಕ್ಕೆ ಯಾಕೆ ಎಂದುಕೊಂಡಿದ್ದಾನೆ. ಬೋಲ್ಟು ತೆಗೆಯುವಾಗ ಅದು ಅವನ ಕೈಗೆ ತಾಗಿರಲೇಬೇಕು. ಇದನ್ನು ನೆನೆದರೆ ಈಗಲೂ ಅವನ ಕೆನ್ನೆಗೆ ಎರಡು ಬಾರಿಸಬೇಕು ಎನ್ನಿಸುತ್ತದೆ.

ನಾನು ಕೈ ತೊಳೆದು ರೊಟ್ಟಿಯ ಗಂಟು ಬಿಚ್ಚಿದೆ. ಫೋನು ಬಡಿದುಕೊಂಡಿತು. ಅವನ ನಂಬರು. ಎತ್ತಲಿಲ್ಲ. ಒಂದು ರಿಂಗಿಗೆ ನಿಲ್ಲಬೇಕಾದದ್ದು ಪೂರ್ತಿ ಬಡಿದು ನಿಂತಿತು. ಒಂದು ಎಂದರೆ ಬಂದ್ ಮಾಡು ಎಂದರ್ಥ. ಆದರೆ ಈಗಷ್ಟೇ ಚಾಲೂ ಮಾಡಿಸಿದವನು ಯಾಕೆ ಬಂದ್ ಮಾಡಿಸುತ್ತಾನೆ? ತಡೆದು ನೋಡೋಣ ಎಂದು ರೊಟ್ಟಿ ಮುರಿದೆ. ಎರಡನೆಯದು ಬಂತು. ಎರಡು ಎಂದರೆ ಚಾಲೂ. ಚಾಲೂ ಆಗಿಯೇ ಇದೆಯಲ್ಲ. ಮೂರನೆಯದು ಬಂತು. ಮೂರಕ್ಕೆ ನಮ್ಮಲ್ಲಿ ಅರ್ಥವೇ ಇರಲಿಲ್ಲ. ಕಿಸೆಯಲ್ಲಿ ಒತ್ತಿಕೊಂಡು ತಾನೇ ಹೋಗುತ್ತಿರಬೇಕು, ಎಮ್ಮೆ ಮಗ ಫೋನಿಗೆ ಲಾಕ್ ಹಾಕುವುದನ್ನೂ ಕಲಿತಿಲ್ಲ ಎಂದು ಹಲ್ಲು ಕಡಿದೆ. ಎತ್ತಲಿಲ್ಲ.

ನಾಲ್ಕನೆಯದಕ್ಕೆ ಎತ್ತಿದೆ. ಕೇಳುವುದಕ್ಕಲ್ಲ, ಬೈಯುವುದಕ್ಕೆ.

"ಏನಲೇ, ತಲಿ ಕೆಟ್ಟೈತೇನು ನಿಂದು? ಉಣ್ಣಾಕರ ಬಿಡ್ತಿಯೋ ಇಲ್ಲೋ? ಎಷ್ಟ ಸಲ ಹೇಳೀನಿ, ಫೋನ್ ಕಿಸೇದಾಗ ಇಡುವಾಗ..." ಹೀಗೇ ಇನ್ನೂ ಏನೇನೋ. ಆ ಕಡೆಯಿಂದ ಯಾರೋ ಕಿರುಚುತ್ತಿದ್ದದ್ದು ನನ್ನ ದನಿಯೊಳಗೆ ನನಗೇ ಕೇಳಿಸಲಿಲ್ಲ. ಉಸಿರು ತೆಗೆಯಲು ನಿಂತಾಗ ಕೇಳಿಸಿತು.

"ಬಂದ್ ಮಾಡ್ರೀ! ಯಪ್ಪಾ, ಬಂದ್ ಮಾಡ್ರೀ! ಮ್ಯಾಲ ಅದಾನ್ರೀ!"

ಹಿಡಿಕೆಯ ಹತ್ತಿರ ಹೇಗೆ ಹೋದೆನೋ ತಿಳಿಯದು. ರೊಟ್ಟಿ ಕೈಯಲ್ಲೇ ಇತ್ತು.

ಕರೆಂಟು ಅವನ ಬಲಗೈಯನ್ನು ಸುಟ್ಟು, ಅವನನ್ನು ಹಿಂದಕ್ಕೆ ಎಸೆದಿತ್ತು. ಸೊಂಟದ ಬೆಲ್ಟು ಕಂಬಕ್ಕೆ ಇದ್ದುದರಿಂದ ಬೀಳದೆ ನೇತಾಡುತ್ತಿದ್ದ. ತಲೆಯ ಮೇಲೆ ಒಂದು ಮೊಳ ದೂರದ ತಂತಿಯಲ್ಲಿ ಕರೆಂಟು ಇನ್ನೂ ಇತ್ತು. ನಾನು ಬಂದ್ ಮಾಡುವ ತನಕ ಯಾರೂ ಅವನನ್ನು ಮುಟ್ಟುವ ಹಾಗಿರಲಿಲ್ಲ. ಇಡೀ ಊರು ಕೆಳಗೆ ನಿಂತು ಮೇಲೆ ನೋಡುತ್ತಿತ್ತು. ಆ ಹೊತ್ತಿನಲ್ಲಿ ನಾನು ರೊಟ್ಟಿ ಮುರಿಯುತ್ತ ಅವನ ದುಡ್ಡು ಉಳಿಸುತ್ತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋಗುತ್ತಿದ್ದದ್ದು ಮಾನವೂ ಅಲ್ಲ, ಜೀವ.

ಗಿರಣಿಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಮಲಗಿಸಿ, ಖಾರದ ಚೀಲ ತಂದಿದ್ದ ಟ್ರ್ಯಾಕ್ಸ್ ಜೀಪಿನಲ್ಲಿ ಕೊಪ್ಪಳಕ್ಕೆ ಒಯ್ದರು. ಅಲ್ಲಿಂದ ಹುಬ್ಬಳ್ಳಿಗೆ. ನನಗೆ ಹೋಗಲಾಗಲಿಲ್ಲ. ಮುಂದಿನ ಪಾಳಿಯವನು ಬರುವ ತನಕ ಸ್ವಿಚ್ಚಿನ ಪ್ಯಾನೆಲ್ ಬಿಟ್ಟು ಕದಲುವಂತಿಲ್ಲ. ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಆ ಕೋಣೆಯಲ್ಲಿ ಸಂಜೆಯವರೆಗೆ ನಿಂತೇ ಇದ್ದೆ. ಆ ಹೊತ್ತಿನಲ್ಲಿ ಅವನ ಹೆಂಡತಿಯ ನಂಬರಿನಿಂದ ಒಂದು ಮಿಸ್ ಕಾಲ್ ಬಂತು. ಯಾವ ಅರ್ಥಕ್ಕೆಂದು ಗೊತ್ತಾಗಲಿಲ್ಲ. ತಿರುಗಿ ಫೋನ್ ಮಾಡುವ ಧೈರ್ಯ ನನಗಾಗಲಿಲ್ಲ.

ಜೀವ ಉಳಿಯಿತು. ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು.

ವಿಚಾರಣೆ ನಡೆಯಿತು. ಆಸ್ಪತ್ರೆಯ ಮಂಚದ ಮೇಲಿಂದ ಅವನು, ಎರಡು ಮಿಸ್ ಕಾಲ್ ತಾನೇ ಕೊಟ್ಟಿದ್ದೆ, ಕೊಟ್ಟು ಮರೆತು ಮತ್ತೆ ಹತ್ತಿದೆ ಎಂದು ಹೇಳಿಕೆ ಕೊಟ್ಟ. ಗಿರಣಿಯವನ ಹೆಸರು ಎತ್ತಲಿಲ್ಲ. ನನ್ನನ್ನು ಬಹಳ ಬೈದರು, ಬೇರೆ ಕಡೆ ಹಾಕಿದರು, ಬಡ್ತಿ ನಿಲ್ಲಿಸಿದರು. ಎಲ್ಲ ನ್ಯಾಯವೇ. ಆದರೆ ಕೊನೆಗೆ ಒಂದು ಪ್ರಶ್ನೆ ಕೇಳಿದರು: ಅಪಘಾತವಾಗಿದೆ ಎಂದು ಫೋನು ಬಂದ ಎಷ್ಟು ಹೊತ್ತಿಗೆ ಬಂದ್ ಮಾಡಿದಿರಿ? "ಕೂಡಲೇ ಮಾಡಿದೆ" ಎಂದೆ. ಬರೆದುಕೊಂಡರು. ಯಾರೂ ನನ್ನ ಫೋನು ತೆಗೆದು ನೋಡಲಿಲ್ಲ. ಮೂರು ಸಲ ಬಂದು ನಾನು ಎತ್ತದ ಕರೆ ಅದರಲ್ಲಿ ಇನ್ನೂ ಇತ್ತು. ಮನೆಗೆ ಹೋಗಿ ಅಳಿಸಿದೆ.

ಒಂದು ವರ್ಷದ ಮೇಲೆ ಅವನಿಗೆ ಯಲಬುರ್ಗಾದ ಕಚೇರಿಯಲ್ಲಿ ಕಾಗದ ಪತ್ರದ ಕೆಲಸ ಕೊಟ್ಟರು. ನಾನು ಆ ಕಚೇರಿಗೆ ಹೋಗಬೇಕಾದ ದಿನ ಬೇರೆಯವರನ್ನು ಕಳಿಸುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದ ಕಂಡರೆ ಇನ್ನೊಂದು ಬಸ್ಸು ಹತ್ತುತ್ತಿದ್ದೆ. ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಕೂಗಾಡುತ್ತಿದ್ದೆ. ಹೆಂಡತಿ ಕೊನೆಗೆ, "ಯಾರ ಮ್ಯಾಲಿನ ಸಿಟ್ಟು ಯಾರ ಮ್ಯಾಲ ತೀರಸಾಕತ್ತೀರಿ? ಹೋಗಿ ಅವನ ಮುಂದ ಹೇಳ್ಕೊಳ್ರಿ" ಎಂದಳು. ಅವಳಿಗೆ ಹೇಗೆ ತಿಳಿಯಿತೋ ನನಗೆ ಗೊತ್ತಿಲ್ಲ.

ಹೋದೆ. ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಕೂತೆವು. ಅವನ ಅಂಗಿಯ ಬಲತೋಳನ್ನು ಮಡಿಚಿ ಪಿನ್ನು ಹಾಕಿತ್ತು. ಅವನೇ ಎಡಗೈಯಿಂದ ನನಗೆ ಲೋಟ ಸರಿಸಿದ.

"ಒಂದು ಮಾತು ಹೇಳಬೇಕಿತ್ತು," ಎಂದೆ. "ಅವತ್ತು ಗಿರಣಿ ಅಂವ ಮೂರು ಸಲ ಹಚ್ಚಿದ. ನಾನು ಎತ್ತಲಿಲ್ಲ."

"ಗೊತ್ತೈತ್ರಿ ಸರ."

"ನಾಕನೇದಕ್ಕ ಎತ್ತಿ, ಮೊದಲು ಬೈದೆ. ಆಮ್ಯಾಲ ಕೇಳಿದೆ."

"ಅದೂ ಗೊತ್ತೈತ್ರಿ." ಅವನು ಚಹಾ ಊದಿದ. "ಕೈ ನಂದಲ್ಲ ಅನ್ನಂಗ ಆಗಿತ್ತು, ಆದ್ರ ಎಚ್ಚರ ಇತ್ರಿ. ಗಿರಣಿ ಅಂವ ಒಂದು ಸಲ ಹಚ್ಚಿ, 'ಎತ್ತವಲ್ರು, ಸೈಕಲ್ ತಗೊಂಡು ಹೋಗಿ ಹೇಳಿ ಬರ್ತೀನಿ' ಅಂತ ಹೊಂಟಿದ್ದ. ನಾನ ಮ್ಯಾಲಿಂದ ಒದರಿದೆ. ಹೋಗಬ್ಯಾಡೋ, ಹಚ್ಚತನ ಇರು. ಮೊದಲು ಎತ್ತಂಗಿಲ್ಲ ಅವ್ರು, ನನ್ನ ರೊಕ್ಕ ಹೋಕ್ಕಾವಂತ ನೋಡ್ತಾರ. ಮೂರಕ್ಕ, ನಾಕಕ್ಕ ಸಿಟ್ಟು ನೆತ್ತಿಗೇರತೈತಿ, ಬೈಯಾಕರ ಎತ್ತೇ ಎತ್ತತಾರ. ಬೈಸ್ಕೊ, ಆದ್ರ ಬಿಡಬ್ಯಾಡ ಅಂದೆ."

ನನಗೆ ತಡೆಯಲಾಗಲಿಲ್ಲ. ಆ ಅಂಗಡಿಯಲ್ಲಿ, ಅಷ್ಟು ಜನರ ನಡುವೆ, ಅತ್ತೆ.

"ಎತ್ತದ ಇದ್ದಿದ್ರ?" ಎಂದು ಕೇಳಿದೆ.

"ಐದನೇದು ಹಚ್ಚು ಅಂತಿದ್ದೆ," ಎಂದ ಅವನು.